ಕೊರ್ಟೊ ಕೇಳಬಾರದಿದ್ದ ಪ್ರಶ್ನೆ

ಬ್ಲೂಮಿಂಗ್ಟನ್, ಮಿನೆಸೋಟ
ಆಗಸ್ಟ್ ೨೩, ಶುಕ್ರವಾರ, ಬೆಳಿಗ್ಗೆ

ಪ್ರೀತಿಯ ಒನ್ನಿ,

ಹೇಗಿದ್ದೀಯ? ಹಡಗಿನ ಏಣಿ ಹತ್ತುವಾಗ ಮೊಣಕಾಲು ಈಗಲೂ ಹಿಡಿದುಕೊಳ್ಳುತ್ತದೆಯೇ? ಹೊಸ ಅಡುಗೆಯವನು ಮೀನಿಗೂ ಮೊಟ್ಟೆಗೂ ಒಂದೇ ಮಸಾಲೆ ಸುರಿಯುತ್ತಾನೆ ಎಂದು ನೀನು ಬರೆದಿದ್ದೆ, ಈಗಲಾದರೂ ಕೈ ಹಿಡಿತಕ್ಕೆ ಬಂದಿತೇ? ನಾನು ಆರೋಗ್ಯವಾಗಿದ್ದೇನೆ. ಟೊಮೆಟೊ ಗಿಡಗಳನ್ನು ಜಿಂಕೆಗಳು ಮೇಯ್ದು ಹೋದವು, ಉಳಿದದ್ದು ಎರಡು. ಮಹಡಿಯ ಕಿಟಕಿ ನೀನು ಬರುವವರೆಗೂ ಹಾಗೆಯೇ ಕಿರುಗುಡುತ್ತಿರಲಿ ಎಂದು ಬಿಟ್ಟಿದ್ದೇನೆ.

ಲಕೋಟೆಯ ಮುದ್ರೆ ನೋಡಿ ಇವಳು ಡುಲೂತ್ ಬಿಟ್ಟು ಎಲ್ಲಿಗೆ ಹೋದಳು ಎಂದು ಹುಬ್ಬೇರಿಸಿರುತ್ತೀಯ. ನಿನ್ನೆ ಸಂಜೆ ಎರಡೂವರೆ ಗಂಟೆ ಕಾರು ಓಡಿಸಿಕೊಂಡು ಬಂದೆ. ನನ್ನ ಶಿಷ್ಯೆ ಕೊರ್ಟೊಗೆ ಇವತ್ತು ವೈದ್ಯಕೀಯ ಪ್ರವೇಶ ಪರೀಕ್ಷೆ. ಎಂಟು ಗಂಟೆಗೆ ಬೆರಳಚ್ಚು ಕೊಟ್ಟು ಒಳಗೆ ಹೋದವಳು ಹೊರಗೆ ಬರುವಾಗ ಮೂರೂವರೆ ದಾಟಿರುತ್ತದೆ. ನಾನು ಎದುರಿನ ಕಾಫಿ ಅಂಗಡಿಯಲ್ಲಿ ಕುಳಿತಿದ್ದೇನೆ. ಫೋನಿನಲ್ಲಿ ಹೇಳಬಹುದಿತ್ತಲ್ಲ ಎನ್ನಬೇಡ. ಫೋನಿನಲ್ಲಿ ನೀನು ಮಾತು ತಿರುಗಿಸುತ್ತೀಯ, ಇಲ್ಲವೇ ಸಿಗ್ನಲ್ ಹೋಯಿತು ಎನ್ನುತ್ತೀಯ. ಡೆಟ್ರಾಯಿಟ್ ಹೊಳೆಯಲ್ಲಿ ಅಂಚೆ ದೋಣಿಯವರು ಹಗ್ಗಕ್ಕೆ ಕಟ್ಟಿದ ಬಕೆಟ್ಟಿನಲ್ಲಿ ಕಳಿಸುವ ಕಾಗದವನ್ನು ನಡುವೆ ಕತ್ತರಿಸಲು ನಿನ್ನಿಂದ ಆಗುವುದಿಲ್ಲ. ಆದ್ದರಿಂದ ಕೊನೆಯವರೆಗೂ ಓದು.

ಕೊರ್ಟೊ ಫ್ಲೋಮೊ ನನ್ನ ಹತ್ತಿರ ಬಂದದ್ದು ಏಪ್ರಿಲ್‌ನಲ್ಲಿ, ಪಾಠ ಹೇಳಿಕೊಡುತ್ತೇನೆ ಎಂದು ಗ್ರಂಥಾಲಯದಲ್ಲಿ ನಾನು ಅಂಟಿಸಿದ್ದ ಚೀಟಿ ನೋಡಿಕೊಂಡು. ಮೂವತ್ತೆರಡು ವರ್ಷ. ಹನ್ನೊಂದರ ಹುಡುಗಿಯಾಗಿದ್ದಾಗ ಲೈಬೀರಿಯದಿಂದ ಚಿಕ್ಕಮ್ಮನ ಜೊತೆ ಬಂದವಳು. ಎಂಟು ವರ್ಷದಿಂದ ನಮ್ಮೂರ ಬೆಟ್ಟದ ಮೇಲಿನ ವೃದ್ಧರ ಆರೈಕೆಮನೆಯಲ್ಲಿ ಆಯಾ ಕೆಲಸ. ಸಂಜೆ ಕಾಲೇಜಿಗೆ ಹೋಗಿ ಪದವಿ ಮುಗಿಸಿದ್ದಾಳೆ. ರಸಾಯನ, ಜೀವಶಾಸ್ತ್ರ, ಓದಿ ಅರ್ಥ ಹೇಳುವುದು, ಮೂರರಲ್ಲೂ ಒಳ್ಳೆಯ ಅಂಕ. ಬಿದ್ದು ಹೋಗುತ್ತಿದ್ದದ್ದು ಕೊನೆಯ ಭಾಗದಲ್ಲಿ, ಮನಃಶಾಸ್ತ್ರ ಮತ್ತು ಸಮಾಜಶಾಸ್ತ್ರ. ನೂರಹದಿನೆಂಟರಿಂದ ನೂರಮೂವತ್ತೆರಡರವರೆಗೆ ಕೊಡುವ ಅಂಕದಲ್ಲಿ ಅವಳಿಗೆ ಹೋದ ವರ್ಷ ಬಂದದ್ದು ನೂರಿಪ್ಪತ್ತೆರಡು. ಎಲ್ಲ ವೈದ್ಯಕೀಯ ಕಾಲೇಜುಗಳೂ ಅರ್ಜಿ ವಾಪಸು ಕಳಿಸಿದವು. "ಇದೇ ಕೊನೇ ಸಲ ಅಮ್ಮಾ. ಇನ್ನೊಂದ್ಸಲ ರಜ ಕೊಡಲ್ಲ ಅಂದ್ಬಿಟ್ಟಿದಾರೆ" ಎಂದು ಮೊದಲ ದಿನವೇ ಹೇಳಿದಳು. ಅವರ ಕಡೆ ದೊಡ್ಡ ಹೆಂಗಸರನ್ನೆಲ್ಲ ಅಮ್ಮ ಎನ್ನುತ್ತಾರಂತೆ. ಮೂವತ್ತು ವರ್ಷ ಪಾಠ ಮಾಡಿ ಮಿಸೆಸ್ ಎನ್ನಿಸಿಕೊಂಡ ನನಗೆ ಒಂದು ವಾರ ಮುಜುಗರವಾಯಿತು, ಆಮೇಲೆ ಅದನ್ನು ಕೇಳಲೆಂದೇ ಬಾಗಿಲ ಕಡೆ ನೋಡುತ್ತಿದ್ದೆ.

ನನಗೆ ಕುತೂಹಲ ಹುಟ್ಟಿದ್ದು ಅವಳು ಮಾಡುವ ತಪ್ಪಿನ ಬಗೆಯಲ್ಲಿ. ಸಿದ್ಧಾಂತಗಳೆಲ್ಲ ಬಾಯಿಗೆ ಬರುತ್ತಿದ್ದವು. ಆದರೂ ಅರ್ಧ ಪ್ರಶ್ನೆ ತಪ್ಪು. ಏಕೆ? ಒಂದು ದಿನ ಪಕ್ಕದಲ್ಲಿ ಕುಳಿತು ಅವಳು ಯೋಚಿಸುವುದನ್ನೆಲ್ಲ ಗಟ್ಟಿಯಾಗಿ ಹೇಳಿಸಿದೆ. ಎಪ್ಪತ್ತೆಂಟರ ಮುದುಕಿಯೊಬ್ಬಳು ವೈದ್ಯರು ಬರೆದ ಮಾತ್ರೆ ನುಂಗುತ್ತಿಲ್ಲ, ಇದನ್ನು ಯಾವ ಸಿದ್ಧಾಂತ ವಿವರಿಸುತ್ತದೆ ಎಂಬ ಪ್ರಶ್ನೆ. ಕೊರ್ಟೊ ಪೆನ್ಸಿಲ್ ಕೆಳಗಿಟ್ಟಳು. "ಈ ಅಜ್ಜಿಗೆ ಗಂಟಲಲ್ಲಿ ಮಾತ್ರೆ ಇಳೀತಿತ್ತಾ? ಮುಚ್ಚಳ ತೆಗೆಯೋಕೆ ಕೈಲಿ ಆಗ್ತಿತ್ತಾ? ಅದನ್ನ ಯಾರೂ ಕೇಳೇ ಇಲ್ವಲ್ಲ!" ನಾನು, "ಅಲ್ಲಿ ಯಾವ ಅಜ್ಜಿನೂ ಇಲ್ಲ ಕಣಮ್ಮ. ನಾಲ್ಕು ಉತ್ತರ ಇದೆ, ಒಂದನ್ನ ಆರಿಸು" ಎಂದೆ. ಐವತ್ತೊಂಬತ್ತು ಪ್ರಶ್ನೆ, ತೊಂಬತ್ತೈದು ನಿಮಿಷ. ಇವಳೋ ಪ್ರತಿಯೊಂದು ಪ್ರಶ್ನೆಯೊಳಗಿನ ಮನುಷ್ಯನ ಮನೆಗೆ ಹೋಗಿ ಕುಶಲ ವಿಚಾರಿಸಿಕೊಂಡು ಬರುತ್ತಿದ್ದಳು. ಕಾಗದದ ಮೇಲೆ ಎಷ್ಟಿದೆಯೋ ಅಷ್ಟೇ ಲೋಕ, ಅದರಾಚೆ ಕಾಲಿಟ್ಟರೆ ಅಂಕ ಹೋಯಿತು ಎಂದು ನಾನು ದಿನಾ ಗದರಿಸುತ್ತಿದ್ದೆ.

ಜೂನ್ ಕೊನೆಯಲ್ಲಿ ಆರೋಪಣೆಯ ತಪ್ಪು ಎಂಬ ಪಾಠ ಬಂತು. ನಾವು ಎಡವಿದರೆ ಕಲ್ಲಿನ ದೋಷ, ಬೇರೆಯವರು ಎಡವಿದರೆ ಅವರ ಅಜಾಗರೂಕತೆ ಎನ್ನುತ್ತೇವಲ್ಲ, ಆ ತಪ್ಪು. ಅದರ ಹಿಂದೆಯೇ ವಿಮುಖತೆಯ ಸಿದ್ಧಾಂತ ಹೇಳಬೇಕಿತ್ತು, ವಯಸ್ಸಾದವರು ನಿಧಾನವಾಗಿ ಬಳಗದಿಂದ ಹಿಂದೆ ಸರಿಯುತ್ತಾರೆ ಎನ್ನುವುದು. ಉದಾಹರಣೆ ಬೇಕಿತ್ತು, ನಿನ್ನನ್ನೇ ಕೊಟ್ಟೆ. "ನನ್ನ ಗಂಡನನ್ನೇ ತಗೋ. ಮೊದಲೆಲ್ಲ ಮನೆ ತುಂಬ ಶಿಳ್ಳೆ ಹಾಕ್ಕೊಂಡು ಓಡಾಡ್ತಿದ್ದ. ಈಗ ಎರಡು ವರ್ಷದಿಂದ ಮುಖ ಗೋಡೆ ಹಾಗಿರತ್ತೆ. ನಾನು ಜೋಕ್ ಹೇಳಿದ್ರೆ ನಗಲ್ಲ. ಮೇ ತಿಂಗಳಲ್ಲಿ ರಜಕ್ಕೆ ಬಂದಾಗ ಓವನ್ನಲ್ಲಿ ಏಲಕ್ಕಿ ಬ್ರೆಡ್ಡು ಸುಟ್ಟು ಕರಕಲಾಗ್ತಿದೆ, ಪಕ್ಕದಲ್ಲೇ ಕೂತು ಪೇಪರ್ ಓದ್ತಿದಾನೆ! ಒಂದು ಮಾತು ಹೇಳಬಾರದಾ? ರಿಟೈರ್ ಆಗೋ ಹೊತ್ತಿಗೆ ಹೆಂಡತಿಯಿಂದಲೂ ರಿಟೈರ್ ಆಗ್ತಿದಾನೆ." ತಮಾಷೆಯಾಗಿ ಹೇಳಿದೆ ಎಂದುಕೊಂಡಿದ್ದೆ. ಧ್ವನಿಯಲ್ಲಿ ಬೇರೆ ಏನೋ ಕೇಳಿಸಿರಬೇಕು.

ಕೊರ್ಟೊ ನಗಲಿಲ್ಲ. "ಅಮ್ಮಾ, ಅವರಿಗೆ ಸುಟ್ಟ ವಾಸನೆ ಗೊತ್ತಾಯ್ತಾ?" ಎಂದಳು. "ನಡೆಯುವಾಗ ಎರಡೂ ಕೈ ಬೀಸ್ತಾರಾ?" ಪಾಠಕ್ಕೆ ಬಾ ಎಂದೆ. ಬಂದಳು. ಮುಂದಿನ ವಾರ ಪುಸ್ತಕ ತೆರೆಯುವ ಮೊದಲೇ, "ಅವರು ಬರೆದ ಕಾಗದ ಇದ್ಯಾ? ಹಳೇದೊಂದು, ಹೊಸದೊಂದು?" ಎಂದಳು. ನನಗೆ ಸಿಟ್ಟು ನೆತ್ತಿಗೇರಿತು. "ನಾನಿಲ್ಲಿ ನಿನಗೆ ಪಾಠ ಹೇಳೋಕೆ ಬಂದಿದೀನಿ, ನನ್ನ ಸಂಸಾರದ ತಪಾಸಣೆ ಮಾಡಿಸ್ಕೊಳ್ಳೋಕಲ್ಲ. ಇದೇ ಚಾಳಿಗೆ ನಿನಗೆ ನೂರಿಪ್ಪತ್ತೆರಡು ಬಂದಿರೋದು" ಎಂದುಬಿಟ್ಟೆ. ಅವಳು ತಲೆ ತಗ್ಗಿಸಿ ಪುಸ್ತಕ ಜೋಡಿಸಿಕೊಂಡಳು. ಮುಂದಿನ ಎರಡು ಪಾಠಕ್ಕೆ ಬರಲಿಲ್ಲ.

ಕುತೂಹಲ ಕೆಟ್ಟದ್ದು, ಒನ್ನಿ, ಸಿಟ್ಟು ಇಳಿದ ಮೇಲೂ ಅದು ಉಳಿಯುತ್ತದೆ. ನಿನ್ನ ಕಾಗದಗಳ ಡಬ್ಬಿ ಇಳಿಸಿ ಅಡುಗೆಮನೆ ಮೇಜಿನ ಮೇಲೆ ಹರಡಿದೆ. ಹತ್ತು ವರ್ಷದ ಹಿಂದೆ ಕ್ಲೀವ್‌ಲ್ಯಾಂಡಿನಿಂದ ಬರೆದದ್ದು, ಒಂದೊಂದು ಅಕ್ಷರವೂ ಕಡಲೆಕಾಳಿನಷ್ಟು ದಪ್ಪ, ಪುಟಕ್ಕೆ ಎಂಟೇ ಸಾಲು. ಮೂರು ವರ್ಷದ ಹಿಂದಿನದು ಸ್ವಲ್ಪ ಚಿಕ್ಕದು. ಈ ಜುಲೈನಲ್ಲಿ ಬಂದ ಪೋಸ್ಟ್‌ಕಾರ್ಡು ಸಾಲಿನ ಮೊದಲಿಗೆ ಸರಿಯಾಗಿದೆ, ಕೊನೆಗೆ ಹೋಗುತ್ತ ಹೋಗುತ್ತ ಸಾಸಿವೆಯಷ್ಟಾಗಿ ಅಂಚಿನಲ್ಲಿ ಓದಲಿಕ್ಕೇ ಆಗುವುದಿಲ್ಲ. ಅದು ಬಂದ ದಿನ ನಾನು ಓದಿಕೊಂಡದ್ದು ಏನು ಗೊತ್ತೇ? ಇವನಿಗೆ ನನಗೆ ಬರೆಯಲು ಬೇಸರ, ಮುಗಿದರೆ ಸಾಕು ಎಂದು ಬರೆದಿದ್ದಾನೆ ಎಂದು. ಆಮೇಲೆ ತಂಗಿ ಸಿಲ್ವಿಯ ಮಗಳ ಮದುವೆಯ ವಿಡಿಯೊ ಹಾಕಿ ನೋಡಿದೆ. ನೀನು ಸಭಾಂಗಣ ದಾಟಿ ನನ್ನ ಕಡೆ ನಡೆದು ಬರುತ್ತೀಯ. ಎಡಗೈ ಬೀಸುತ್ತದೆ. ಬಲಗೈ ಯಾರದೋ ಕೋಟನ್ನು ಹಿಡಿದುಕೊಂಡಿರುವ ಹಾಗೆ ಪಕ್ಕದಲ್ಲಿ ಸುಮ್ಮನೆ ಇದೆ. ನಾಲ್ಕು ಸಲ ನೋಡಿದೆ.

ಮರುದಿನ ಮಧ್ಯಾಹ್ನ ಆರೈಕೆಮನೆಗೆ ಹೋದೆ. ಕೊರ್ಟೊ ಒಬ್ಬ ಅಜ್ಜನ ಅಂಗಿಯ ಗುಂಡಿ ಹಾಕುತ್ತಿದ್ದಳು. ಹಿಂದೆ ಅವನು ಲೋಹದ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದನಂತೆ. ಮುಖದಲ್ಲಿ ಒಂದು ಗೆರೆಯೂ ಅಲುಗದು. ನಾನು ಅವನನ್ನು ಕೋಪಿಷ್ಠ ಎಂದುಕೊಂಡೆ. ಅವಳು ಕಿವಿಯ ಹತ್ತಿರ ಬಗ್ಗಿ, "ಏನಪ್ಪಾ ಸಾಹೇಬ್ರೆ, ಇವತ್ತು ಯಾರನ್ನ ನೋಡೋಕೆ ಇಷ್ಟು ಸಿಂಗಾರ?" ಎಂದಳು. ಆ ಮುಖ ಅಲುಗಲಿಲ್ಲ, ಆದರೆ ಗಂಟಲಿನಿಂದ ತೆಳ್ಳಗೆ ಒಂದು ನಗು ಬಂತು. ಒಳಗೆ ನಗುತ್ತಲೇ ಇದ್ದವನು, ಹೊರಗೆ ಬರಲು ದಾರಿ ಇಲ್ಲ, ಅಷ್ಟೇ.

ಕ್ಷಮೆ ಕೇಳಿದೆ. ಪೋಸ್ಟ್‌ಕಾರ್ಡು ತೋರಿಸಿದೆ. ಅವಳು ಬಹಳ ಹೊತ್ತು ನೋಡಿ, "ಅಮ್ಮಾ, ನಾನು ಡಾಕ್ಟರಲ್ಲ. ಆಗ್ತೀನೋ ಇಲ್ವೋ ಅದೂ ಗೊತ್ತಿಲ್ಲ. ಆದ್ರೆ ಎಂಟು ವರ್ಷ ಇಂಥವರ ಅಂಗಿ ಗುಂಡಿ ಹಾಕಿದೀನಿ. ವಾಸನೆ ಹೋಗೋದು, ಅಕ್ಷರ ಸಣ್ಣ ಆಗೋದು, ಮುಖ ಸುಮ್ಮನಾಗೋದು, ಒಂದು ಕೈ ನಿಂತುಹೋಗೋದು. ಪಾರ್ಕಿನ್ಸನ್ ಇರಬಹುದು. ಇಲ್ಲದೇನೂ ಇರಬಹುದು. ನರರೋಗದ ಡಾಕ್ಟರಿಗೆ ತೋರಿಸಿ. ನಾನು ಹೇಳಿದ್ದು ತಪ್ಪಾಗಿದ್ರೆ ಇಬ್ಬರೂ ಸೇರಿ ನನ್ನ ನೋಡಿ ನಗಾಡಿ" ಎಂದಳು. ಇರುವುದೇ ಆದರೆ ಬೇಗ ತಿಳಿದಷ್ಟೂ ಒಳ್ಳೆಯದು, ಔಷಧವಿದೆ, ವ್ಯಾಯಾಮವಿದೆ, ಎಷ್ಟೋ ವರ್ಷ ಚೆನ್ನಾಗಿ ಬಾಳಿದವರನ್ನು ನೋಡಿದ್ದೇನೆ ಎಂದೂ ಹೇಳಿದಳು.

ನಾನು ಮನೆಗೆ ಬಂದು ಅತ್ತೆ. ಆದರೆ ನಿಜ ಹೇಳಬೇಕು, ಮೊದಲು ಭಯವಾಗಲಿಲ್ಲ, ಮನಸ್ಸು ಹಗುರವಾಯಿತು. ಇಡೀ ಎರಡು ವರ್ಷ ನಿನ್ನ ಮುಖ ನೋಡಿ ಇವನಿಗೆ ನಾನು ಸಾಕಾಗಿದ್ದೇನೆ ಎಂದು ನಂಬಿದ್ದೆ. ಎಷ್ಟೋ ತರಗತಿಗಳ ಮಕ್ಕಳಿಗೆ ಆರೋಪಣೆಯ ತಪ್ಪು ಕಲಿಸಿದವಳು ಮನೆಯಲ್ಲಿ ಅದನ್ನೇ ಮಾಡಿಕೊಂಡು ಕುಳಿತಿದ್ದೆ. ನಿನ್ನ ಮೇಲೆ ಹೊರಿಸಿದ್ದಕ್ಕೆಲ್ಲ ಹೆಸರು, ಸಿದ್ಧಾಂತ, ಪುಟಸಂಖ್ಯೆ ಎಲ್ಲ ನನ್ನ ಹತ್ತಿರ ಸಿದ್ಧವಿತ್ತು. ನಿನಗೆ ಏನಾಗುತ್ತಿದೆ ಎಂದು ಒಂದು ಸಲವೂ ಕೇಳಿರಲಿಲ್ಲ. ಹಗುರವಾದದ್ದಕ್ಕೆ ನಾಚಿಕೆಯಾಯಿತು. ಕ್ಷಮಿಸು. ಭಯ ಆಮೇಲೆ ಬಂತು, ಈಗಲೂ ಇದೆ.

ನಿನಗೂ ಅನುಮಾನ ಬಂದಿದ್ದಿರಬಹುದೇ ಎಂದು ಈ ವಾರವೆಲ್ಲ ಯೋಚಿಸಿದೆ. ಹೋದ ವರ್ಷದಿಂದ ಊಟಕ್ಕೆ ಕುಳಿತಾಗ ಬಲಗೈಯನ್ನು ತೊಡೆಯ ಕೆಳಗೆ ಇಟ್ಟುಕೊಳ್ಳುತ್ತೀಯ. ವೈದ್ಯರ ಮಾತೆತ್ತಿದರೆ ಎದ್ದು ಹೋಗುತ್ತೀಯ. ಚುಕ್ಕಾಣಿ ಕೈತಪ್ಪುತ್ತದೆ ಎಂಬ ಭಯವಿದ್ದರೆ ನನಗೆ ಅರ್ಥವಾಗುತ್ತದೆ. ಮೂವತ್ತೊಂದು ವರ್ಷ ಆ ಚಕ್ರದ ಹಿಂದೆ ನಿಂತವನು ನೀನು. ಹಡಗಿನಲ್ಲಿ ಯಾರಿಗೂ, ಕ್ಯಾಪ್ಟನ್‌ಗೂ ನಾನು ಏನೂ ಹೇಳಿಲ್ಲ. ಹೇಳುವವನು ನೀನೇ. ಆದರೆ ಆ ಸಾವಿರ ಅಡಿಯ ಅದಿರಿನ ಹಡಗಿನಲ್ಲಿ ಇನ್ನೂ ಇಪ್ಪತ್ತು ಜನರಿದ್ದಾರೆ ಎನ್ನುವುದನ್ನು ನನಗಿಂತ ನೀನೇ ಚೆನ್ನಾಗಿ ಬಲ್ಲೆ.

ಕೊರ್ಟೊ ಪಾಠಕ್ಕೆ ಮತ್ತೆ ಬಂದಳು. ನಾನೂ ಕಲಿಸುವ ರೀತಿ ಬದಲಾಯಿಸಿದೆ. ಕೇಳುವುದನ್ನು ಬಿಡು ಎನ್ನುವುದನ್ನು ನಿಲ್ಲಿಸಿ, "ಕೇಳೋದನ್ನ ಮುಂದಕ್ಕೆ ಹಾಕು" ಎಂದೆ. ಅವಳಿಗೆ ಅದು ಹಿಡಿಸಿತು. ಪ್ರಶ್ನೆಯೊಳಗಿನ ಮುದುಕಿಗೋ ಮಗುವಿಗೋ ಕೇಳಬೇಕೆನ್ನಿಸಿದ್ದನ್ನು ಅಂಚಿನಲ್ಲಿ ಒಂದು ಪದದಲ್ಲಿ ಗೀಚಿ, "ಇರಜ್ಜಿ, ಆಮೇಲೆ ಬರ್ತೀನಿ" ಎಂದು ಗೊಣಗಿಕೊಂಡು ಉತ್ತರ ಗುರುತಿಸುತ್ತಿದ್ದಳು. ಗ್ರಂಥಾಲಯದವರು ಎರಡು ಸಲ ಶ್ ಎಂದರು. ಕಳೆದ ವಾರದ ಅಭ್ಯಾಸ ಪರೀಕ್ಷೆಯಲ್ಲಿ ನೂರಿಪ್ಪತ್ತೇಳು ಬಂತು. ನಿನ್ನೆ ಕಾರಿನಲ್ಲಿ ದಾರಿಯುದ್ದಕ್ಕೂ ನಾನು ಪ್ರಶ್ನೆ ಕೇಳಿದೆ, ಅವಳು ಉತ್ತರ ಹೇಳಿದಳು, ನಡುನಡುವೆ ನೀನು ನಿದ್ದೆಯಲ್ಲಿ ಕೈಕಾಲು ಝಾಡಿಸುತ್ತೀಯಾ ಎಂದು ವಿಚಾರಿಸಿದಳು. ಹೌದು ಎಂದೆ.

ಮೂರೂವರೆ ಆಯಿತು. ಅವಳು ಈಗ ಬರುತ್ತಾಳೆ. ಫಲಿತಾಂಶಕ್ಕೆ ಒಂದು ತಿಂಗಳು ಕಾಯಬೇಕು. ಅಡುಗೆಯವನಿಗೂ ನಿನ್ನ ಪಾಳಿಯ ಗೆಳೆಯರಿಗೂ ನನ್ನ ನೆನಪು ತಿಳಿಸು. ಗಾಳಿ ಜೋರಿದ್ದರೆ ಡೆಕ್ಕಿನ ಮೇಲೆ ಟೊಪ್ಪಿಗೆ ಹಾಕಿಕೊ. ನೀನು ಕ್ಷೇಮವಾಗಿ ದಡ ಸೇರುವುದನ್ನು ಎದುರು ನೋಡುತ್ತ,

ನಿನ್ನ
ಐಲಿ

ಮ.ವಿ.: ಕೊರ್ಟೊ ಬಂದಳು. ಕಣ್ಣು ಕೆಂಪಾಗಿದೆ, ನಡೆದು ಬಂದ ರೀತಿ ನೋಡಿದರೆ ಎರಡು ಪಾಳಿ ಒಟ್ಟಿಗೆ ಮುಗಿಸಿದ ಹಾಗಿತ್ತು. ಹೇಗಾಯಿತು ಎಂದು ಕೇಳುವ ಮೊದಲೇ, "ಕಾಗದ ಹಾಕಿದ್ರಾ ಅಮ್ಮಾ?" ಎಂದಳು. ಪರೀಕ್ಷೆಯ ಬಗ್ಗೆ, "ಪ್ರಶ್ನೆ ಹೇಳೋ ಹಾಗಿಲ್ಲ, ಸಹಿ ಹಾಕಿ ಬಂದಿದೀನಿ. ಟೈಮಿಗೆ ಮುಗಿಸಿದೆ, ಅಷ್ಟು ಹೇಳಬಹುದು" ಎಂದಳು. ಐದಕ್ಕೆ ಅಂಚೆ ಡಬ್ಬಿ ತೆಗೆಯುತ್ತಾರೆ, ಬೇಗ ಬೇಗ ಬರೆಯುತ್ತಿದ್ದೇನೆ. ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಮಾರ್ಚ್‌ನಲ್ಲಿ ನಾನು ಸಿಲ್ವಿಗೆ, ಅಕ್ಟೋಬರಿನಿಂದ ನಮ್ಮ ಮನೆ ಬಿಟ್ಟು ಹ್ಯಾನ್ಕಾಕ್‌ಗೆ ಬಂದು ಅವಳ ಜೊತೆಗೇ ಇದ್ದುಬಿಡುತ್ತೇನೆ ಎಂದು ಹೇಳಿದ್ದೆ. ಅವಳು ಮಹಡಿಯ ಕೋಣೆ ಖಾಲಿ ಮಾಡಿ ಬಣ್ಣ ಹೊಡೆಸಿದ್ದಳು. ಮುಂದಿನ ತಿಂಗಳು ನೀನು ರಜಕ್ಕೆ ಬಂದಾಗ ನಿನಗೆ ಹೇಳುವವಳಿದ್ದೆ. ನಿನ್ನೆ ಹೊರಡುವ ಮೊದಲು ಫೋನು ಮಾಡಿ, ಆ ಕೋಣೆ ಬೇರೆ ಯಾರಿಗಾದರೂ ಕೊಡು, ನಾನು ಬರುವುದಿಲ್ಲ ಎಂದೆ. ವೈದ್ಯರು ಏನೂ ಹೇಳುವುದಕ್ಕೆ ಮೊದಲೇ ಹೇಳಿದ್ದೇನೆ, ಗಮನಿಸು. ಅವರು ಏನೂ ಇಲ್ಲ ಎಂದರೂ ಬರುವುದಿಲ್ಲ ಎಂದೇ. ಸೆಪ್ಟೆಂಬರ್ ಹನ್ನೆರಡು, ಗುರುವಾರ, ಒಂಬತ್ತೂವರೆಗೆ ನರರೋಗದ ವೈದ್ಯರ ಹತ್ತಿರ ಸಮಯ ತೆಗೆದುಕೊಂಡಿದ್ದೇನೆ. ನಿನ್ನ ಹಡಗು ಅದಕ್ಕೆ ಎರಡು ದಿನ ಮೊದಲು, ಹತ್ತನೇ ತಾರೀಖು, ಡುಲೂತಿಗೆ ಬರುತ್ತದೆ. ಕಾರು ತಂದು ಅದಿರಿನ ಕಟ್ಟೆಯ ಗೇಟಿನಲ್ಲೇ ನಿಂತಿರುತ್ತೇನೆ, ಎಂದಿನಂತೆ ಬಸ್ಸು ಹಿಡಿದು ಬರಬೇಡ.