ಸೋಮವಾರದ ಫಲಕ

ಮಾನ್ಯ ತಹಶೀಲ್ದಾರ್ ಸಾಹೇಬರಿಗೆ, ರಬಕವಿಯಿಂದ ನಮಸ್ಕಾರ.

ರಾಜ್ಯದ ನೇಕಾರರ ಪಟ್ಟಿಯೂ ದಿಲ್ಲಿ ಸರ್ಕಾರದ ಪಟ್ಟಿಯೂ ಈಗ ನಮ್ಮ ಸೇವಾ ಕೇಂದ್ರದಲ್ಲಿ ಒಂದೇ ಪರದೆಗೆ ಬಂದಿವೆ. ತಂತ್ರಾಂಶ ಬೆಂಗಳೂರಿನವರದು, ಮನೆಮನೆಗೆ ಹೋಗಿ ಹೆಸರು ಹೊಂದಿಸಿದವಳು ನಾನು. ಅದನ್ನು ನೋಡಲು ಸೋಮವಾರ ದಿಲ್ಲಿಯ ಅಧಿಕಾರಿಗಳು ಬರುತ್ತಾರೆಂದು ಹಿಗ್ಗಿದ್ದೇನೆ.

ಆದರೆ ಸ್ವಾಗತ ಫಲಕದಲ್ಲಿ ನನ್ನ ಹೆಸರಿನ ಮುಂದೆ ‘ಪದವೀಧರೆ’ ಎಂದು ಬರೆಸಿದ್ದೀರಿ. ಕೂತಲ್ಲಿ ಕೂರಲಾಗದೆ ಒಂಬತ್ತನೆಯ ತರಗತಿಗೇ ಶಾಲೆ ಬಿಟ್ಟವಳು ನಾನು.

“ಖರೆ ಹೇಳಿದ್ರ ಕೆಲಸಾ ಹೋಗತೈತಿ ನೋಡವಾ” ಎಂದು ಅಪ್ಪ ಹೆದರಿದ. ಮಗ್ಗದ ಹಳೆಯ ಎಳೆಗಳಿಗೆ ಹೊಸ ಎಳೆ ಕೂಡಿಸುವ ಕೆಲಸದ ಅವ್ವ ನಕ್ಕಳು: “ಹೋದ್ರ ಹೋಗಲಿ ಬಿಡ್ರಿ. ಎರಡೂ ಸರಕಾರ ಕೂಡಿಸ್ಯಾಳ ನನ್ನ ಮಗಳು!”

ಆ ಪದವನ್ನು ಅಳಿಸಿ, ಅಲ್ಲಿ ‘ಎಳೆ ಕೂಡಿಸುವ ಕಸ್ತೂರೆವ್ವನ ಮಗಳು’ ಎಂದು ಬರೆಸಬೇಕು. ಬಣ್ಣ ನಾನೇ ತರುತ್ತೇನೆ.

ತಮ್ಮ ವಿಶ್ವಾಸದ,
ರೂಪಾಲಿ ಹಟಗಾರ