ಕುಕ್ಕರ್ ಪರೀಕ್ಷೆಯೂ ನನ್ನ ಸಂಸ್ಥಾನವೂ

ಮಾರ್ಚ್ 8, ಶನಿವಾರ

ಇವತ್ತೂ ಶೋರೂಮ್. ಇವತ್ತೂ ಬಾಗಿಲು ತೆಗೆ, ಬಾಗಿಲು ಹಾಕು. ಅಡುಗೆಮನೆ ಹೊಸದಾಗಬೇಕು, ನಮಿತಾ ಅತ್ತಿಗೆಗೆ ಕ್ಯಾಬಿನೆಟ್ ಬೇಕು. ಅಣ್ಣ ಇಲ್ಲಿ ನೈರೋಬಿಯಲ್ಲಿ ಮಾತ್ರೆ ತಯಾರಿಸುವ ಫ್ಯಾಕ್ಟರಿಯ ಕ್ವಾಲಿಟಿ ಮ್ಯಾನೇಜರ್ — ಒಂದೊಂದು ಬಾಗಿಲಿನ ಕೀಲಿನ ಸದ್ದಿಗೂ ಕಿವಿಗೊಟ್ಟು ಕೇಳುತ್ತಾನೆ.

ನನಗೇನು ಎಂದು ಸುಮ್ಮನಿದ್ದೆ. ಸಂಜೆ ಪ್ಲಾನ್ ನೋಡಿದೆ. ನೆಲದಿಂದ ಸೂರಿನವರೆಗೆ ಒಂದು ಪ್ಯಾಂಟ್ರಿ ಕ್ಯಾಬಿನೆಟ್. ಅದು ನಿಲ್ಲುವ ಜಾಗ... ಅಡುಗೆಮನೆಯ ಹಿಂದಿನ ನನ್ನ ಕೋಣೆ! ನಡುಗೋಡೆಗೆ ಕೆಂಪು ಗೀಟು, ಅಂದರೆ ಒಡೆಯುವುದು.

"ಮೇಲಿನ ರೂಮಲ್ಲಿ ಇರು ಕಣೋ ಭಾರ್ಗವ. ನಿಮ್ಮಣ್ಣನ ಟ್ರೆಡ್‌ಮಿಲ್ ಪಕ್ಕ ಒಂದು ಹಾಸಿಗೆ ಹಿಡಿಸುತ್ತೆ" ಎಂದರು ಅತ್ತಿಗೆ.

ಅಣ್ಣ ಟ್ರೆಡ್‌ಮಿಲ್ ಹತ್ತುವುದು ಬೆಳಿಗ್ಗೆ ಐದಕ್ಕೆ. ಸಂಸ್ಥಾನ ಅಪಾಯದಲ್ಲಿದೆ.

ಮಾರ್ಚ್ 9

ರಾಜತಂತ್ರ. ತಿಂಡಿಗೆ ಕೂತಾಗ ಗಂಭೀರವಾಗಿ ಕೇಳಿದೆ — ಶೋರೂಮಿನವರು ಯಾರಾದರೂ ಕುಕ್ಕರ್ ಕೂಗಿಸಿ ತೋರಿಸಿದರೇ? ನಮ್ಮ ಬೇಳೆ, ಇಡ್ಲಿಯ ಹಬೆ ನೈರೋಬಿಯ ಹಲಗೆಗೆ ಏನು ಗೊತ್ತು? ವರ್ಷದೊಳಗೆ ಹಪ್ಪಳದ ಹಾಗೆ ಉಬ್ಬೀತು.

ಅತ್ತಿಗೆ ನಕ್ಕರು. ಅಣ್ಣ ನಗಲಿಲ್ಲ. ಅರ್ಧ ದೋಸೆ ಬಿಟ್ಟು ಎದ್ದು ಲ್ಯಾಪ್‌ಟಾಪ್ ತಂದ. ಮಧ್ಯಾಹ್ನದೊಳಗೆ ಕುಕ್ಕರ್ ಹಬೆಯ ಪರೀಕ್ಷೆಗೊಂದು ಹೆಸರು, ನಂಬರು, ವಿಧಾನ. ಪರೀಕ್ಷಾಧಿಕಾರಿ — ನಾನು. ವಿನಯದಿಂದ ಒಪ್ಪಿಕೊಂಡೆ.

ಮಾರ್ಚ್ 17

ಹಲಗೆಯ ಸ್ಯಾಂಪಲ್ ತುಂಡುಗಳು ಒಲೆಯ ಮೇಲೆ ದಾರದಲ್ಲಿ ತೂಗುತ್ತಿವೆ. ಕೆಳಗೆ ಕುಕ್ಕರ್. ಬೇಳೆ ಕರಗಿ ನೀರಾದರೂ ಕೂಗು ನಿಲ್ಲಿಸುವಂತಿಲ್ಲ.

ದುರದೃಷ್ಟ: ಹಬೆಗೆ ಒಂದೂ ಜಗ್ಗಲಿಲ್ಲ. ಅಣ್ಣ ಫ್ಯಾಕ್ಟರಿಗೆ ಹೋದ ಮೇಲೆ, ರಾಜ್ಯದ ಹಿತದೃಷ್ಟಿಯಿಂದ, ಎಲ್ಲವನ್ನೂ ಬಚ್ಚಲಿನ ಬಕೆಟ್ಟಿನಲ್ಲಿ ಮುಳುಗಿಸಿದೆ. ಅವನು ಬರುವ ಹೊತ್ತಿಗೆ ಒರೆಸಿ ಮತ್ತೆ ತೂಗುಹಾಕಿದೆ.

ಫಲಿತಾಂಶ: ಎಲ್ಲ ಫೇಲ್. ಅಂಚುಗಳು ಕಾಫಿಯಲ್ಲಿ ಅದ್ದಿದ ಬಿಸ್ಕತ್ತು. ಅಣ್ಣನ ಮುಖ ಗಂಭೀರ. ನನ್ನದು ಅದಕ್ಕಿಂತ.

ಏಪ್ರಿಲ್ 2

ಎರಡನೆಯ ಸುತ್ತು — ಫೇಲ್. ಮೂರನೆಯದು — ಫೇಲ್. ಕಿಲಿಮಾನಿ ಬಡಾವಣೆಯ ಶೋರೂಮಿನವನು ಅಣ್ಣನ ಕಾರು ಕಂಡರೆ ಊಟಕ್ಕೆ ಹೊರಟುಬಿಡುತ್ತಾನಂತೆ. ಅತ್ತಿಗೆ ಮಾತ್ರ ರೇಗುತ್ತಿಲ್ಲ. ಹೊಸ ಸ್ಯಾಂಪಲ್ ತಾವೇ ತಂದು ಕೈಗಿಡುತ್ತಾರೆ. ಯಾಕೋ...

ಏಪ್ರಿಲ್ 11

ಸರ್ವನಾಶ. ಮರೀನ್ ಪ್ಲೈವುಡ್. ದೋಣಿಗೆ ಬಳಸುವ ಹಲಗೆಯಂತೆ. ಬೆಳಿಗ್ಗೆಯಿಂದ ನೀರಲ್ಲಿದೆ — ಕೂದಲೆಳೆಯಷ್ಟೂ ಉಬ್ಬಿಲ್ಲ. ಕುದಿಯುವ ನೀರು ಸುರಿದೆ. ಮೇಲೆ ಹತ್ತಿ ನಿಂತೆ. ಬೈದೆ. ತಿರುಗಿದರೆ ಬಚ್ಚಲ ಬಾಗಿಲಲ್ಲಿ ಅತ್ತಿಗೆ.

"ಮೊದಲನೇ ದಿನವೇ ಗೊತ್ತಾಯ್ತು ಕಣೋ. ಸುಮ್ನಿದ್ದೆ. ನಿನ್ನ ಕೈಲಿ ಉಳಿದಿದ್ದು ನನ್ನ ಅಡುಗೆಮನೇಲಿ ಉಳಿಯಲ್ವಾ?"

ಅಣ್ಣನಿಗೆ ಹೇಳುವುದಿಲ್ಲವಂತೆ. ಸಂಜೆಯೇ ಆರ್ಡರ್ ಕೊಟ್ಟರು. ಪ್ಯಾಂಟ್ರಿ ಸಮೇತ.

ಮೇ 5, ಬೆಳಿಗ್ಗೆ 9

ಗೋಡೆ ಒಡೆಯಲು ಫುಂಡಿ, ಅಂದರೆ ಮೇಸ್ತ್ರಿ, ಒಟಿಯೆನೊ ಸುತ್ತಿಗೆಯೊಂದಿಗೆ ಬಂದಿದ್ದಾನೆ. ಹಾಸಿಗೆ, ಪುಸ್ತಕ ಎಲ್ಲ ನಿನ್ನೆಯೇ ಮೇಲಕ್ಕೆ ಹೋದವು. ನಾನು ಹೋಗಿಲ್ಲ. ಬಾಗಿಲು ಹಾಕಿಕೊಂಡು, ನಡುಗೋಡೆಗೆ ಬೆನ್ನು ಕೊಟ್ಟು ಕೂತಿದ್ದೇನೆ. ಕೊನೆಯ ದೊರೆ ಓಡಿಹೋದ ಎಂದು ಯಾರೂ ಆಡಿಕೊಳ್ಳಬಾರದು.

"ಭಾರ್ಗವ, ಒಳಗಿದ್ದೀಯೇನೋ?" ಆ ಕಡೆಯಿಂದ ಅತ್ತಿಗೆ.

ಉತ್ತರಿಸಲಿಲ್ಲ. ಮೌನವೇ ನನ್ನ ಅಸ್ತ್ರ.

ಮತ್ತೊಮ್ಮೆ ಕರೆದರು. ಮತ್ತೂ ಮೌನ.

"ಒಳಗೆ ಯಾರೂ ಇಲ್ಲ ಅನ್ಸುತ್ತೆ" ಎಂದರು, ಜೋರಾಗಿ. ದನಿಯಲ್ಲಿ ನಗುವಿತ್ತೇ? ಆಮೇಲೆ ಒಟಿಯೆನೊಗೆ — "ಸವಾ." ಅಂದರೆ ಸರಿ, ಶುರುಮಾಡು.

ಸುತ್ತಿಗೆ ಗೋಡೆಗೆ ತಾಗಿಸಿ ಗುರಿ ನೋಡುತ್ತಿದ್ದಾನೆ. ಟಕ್. ಸರಿಯಾಗಿ ನನ್ನ ಬೆನ್ನಿನ ನೇರಕ್ಕೆ. ಮೌನದ ವಿಚಾರವನ್ನು ಸಂಸ್ಥಾನವು ಕೂಡಲೇ ಮರುಪರಿಶೀಲಿಸಬೇಕಾಗಿದೆ: "ಅತ್ತಿಗೇ, ಒಳಗಿದ್ದೀನಿ!"