ನಿರೀಕ್ಷಾಳ ಪತ್ತೇದಾರಿ ಕಾದಂಬರಿ ಓದಿದ ಮೇಲೆ

ವಾಗ್ದೇವಿಗೆ ವಂದಿಸಿ,

ಸೊಸೆ ನಿರೀಕ್ಷಾಳಿಗೆ ಆಶೀರ್ವಾದಗಳು.

ದೇರೆಬೈಲಿನ ತಾಳಮದ್ದಳೆಯಲ್ಲಿ ಅರ್ಥ ಹೇಳಲು ಹೊರಟಿದ್ದೇನೆ. ರಾತ್ರಿ ಊಟಕ್ಕೆ ಕಾಯಬೇಡ.

ನಿನ್ನ ಪತ್ತೇದಾರಿ ಕಾದಂಬರಿಯ ಹಸ್ತಪ್ರತಿಯನ್ನು ಓದಿ ಮುಗಿಸಿದೆ. ಎಲ್ಲರೂ ಬಲ್ಲ ಪುರಾಣದ ಕಥೆಗೇ ಮಾತು ಕಟ್ಟಿ ಅರ್ಥ ಹೇಳಿ ರೂಢಿಯಾದವನು ನಾನು. ಆದ್ದರಿಂದ ಕೊನೆಯ ಅಧ್ಯಾಯವನ್ನೇ ಮೊದಲು ಓದಿದೆ. ಗೋದಾಮಿನ ಗುಮಾಸ್ತನೇ ಕೊಲೆಗಾರನೆಂದು ನಿನ್ನ ಅತ್ತೆಗೂ ಹೇಳಿಬಿಟ್ಟೆ.

"ಎಂತ ಮಾರಾಯ್ರೆ, ಇನ್ನು ನಾನು ಓದ್ಲಿಕ್ಕೆ ಎಂತ ಉಂಟು?" ಎಂದು ರೇಗಿದಳು. ಆದರೂ ಹಸ್ತಪ್ರತಿಯನ್ನು ಕೆಳಗಿಟ್ಟಿಲ್ಲ. ಒಲೆಯ ಮೇಲಿನ ಗಂಜಿಯನ್ನು ನೀನೇ ನೋಡಿಕೋ.

ಇನ್‌ಸ್ಪೆಕ್ಟರನ ಭಾಷಣ ದೀರ್ಘವಾಯಿತು, ಅರ್ಧಕ್ಕಿಳಿಸು. ಆದರೆ ಆ ಗುಮಾಸ್ತನು ಸತ್ತವನ ತಾಯಿಗೆ ಬಂದರಿನಿಂದ ಮೀನು ತಂದುಕೊಟ್ಟು, "ಅಮ್ಮ, ಊಟ ಮಾಡಿ" ಎನ್ನುವಲ್ಲಿ, ಎಲ್ಲವೂ ತಿಳಿದಿದ್ದ ನಾನೇ ಆ ಪುಟವನ್ನು ಮತ್ತೆ ಮತ್ತೆ ಓದಿದೆ. ತಿಳಿದ ಕಥೆಯಲ್ಲೂ ಕೇಳುಗನನ್ನು ಕಟ್ಟಿಹಾಕುವುದು ಸುಲಭವಲ್ಲ.

ಸೊಸೆ ಕೊಲೆಯ ಕಥೆ ಬರೆದಳೆಂದು ನನ್ನ ಮರ್ಯಾದೆಗೆ ಕುಂದು ಬಾರದಿರಲೆಂದು ಬೇರೊಂದು ಹೆಸರಿನಲ್ಲಿ ಪ್ರಕಾಶಕರಿಗೆ ಕಳುಹಿಸುವೆನೆಂದೆಯಲ್ಲ, ಅದು ಬೇಡ. ಮೊದಲ ಪುಟದಲ್ಲಿ ಆ ಹೆಸರನ್ನು ಹೊಡೆದುಹಾಕಿ ನಿನ್ನ ಹೆಸರನ್ನು ನಾನೇ ಬರೆದಿದ್ದೇನೆ. ಅತ್ತೆ ಓದಿ ಮುಗಿಸಿದೊಡನೆ ತಿದ್ದಿ ಕಳುಹಿಸು.

ಬರೆದವಳಿಗೂ ಓದುವವರಿಗೂ ಕೇಳುವವರಿಗೂ ತಾಯಿ ವಾಗ್ದೇವಿ ಮಂಗಳವನ್ನುಂಟುಮಾಡಲಿ.

ನಿನ್ನ ಮಾವ